ಅಮ್ಮ ಯಾವ ಹಂತದಲ್ಲಿದ್ದಾಳೆ

ಡಾಕ್ಟರ ಕೋಣೆಯಿಂದ ಹೊರಗೆ ಬರುವಾಗ ಅಮ್ಮ ನಗುತ್ತಿದ್ದಳು. ಬೀಳ್ಕೊಡಲು ಬಾಗಿಲವರೆಗೆ ಎದ್ದು ಬಂದ ಡಾಕ್ಟರೂ ನಗುತ್ತಿದ್ದರು. ಹಿಂದಿನಿಂದ ಬಂದ ಚೂಟಿಗೆ ಮಾತ್ರ ಹಲ್ಲು ಕಚ್ಚಿ ಹಿಡಿದು ಹಿಡಿದು ದವಡೆ ನೋಯುತ್ತಿತ್ತು.

ಚೂಟಿ ಎಂದರೆ ಎಳೆ ಹುಡುಗಿಯೇನಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ಅದರ ಮೇಲಿನ ಮನೆಯಲ್ಲೇ ಅಮ್ಮನ ಜೊತೆ ಇರುವ, ಕಿವಿಯ ಪಕ್ಕ ಕೂದಲು ನರೆತ ಹೆಂಗಸು. ಚಿಕ್ಕಂದಿನಲ್ಲಿ ಇಟ್ಟ ಅಡ್ಡಹೆಸರು ಮೈಗೆ ಅಂಟಿಕೊಂಡುಬಿಟ್ಟಿತ್ತು. ಗಂಡ ಎಂಬುವನೊಬ್ಬ ಬಂದು ಹೋಗಿ ಬಹಳ ಕಾಲವಾಗಿತ್ತು; ಮಕ್ಕಳಿರಲಿಲ್ಲ. ಇದ್ದೊಬ್ಬ ಅಣ್ಣ ಬೇರೆ ಊರಿನಲ್ಲಿ ಎಂಜಿನಿಯರ್. ಹಳೆಯ ಸೇತುವೆಗಳು ಎಲ್ಲಿ ಬಿರುಕು ಬಿಟ್ಟಿವೆ, ಇನ್ನೆಷ್ಟು ಭಾರ ತಡೆಯುತ್ತವೆ ಎಂದು ನೋಡಿ ಹೇಳುವುದು ಅವನ ಕೆಲಸ.

ಅಮ್ಮ ಜೀವಮಾನವಿಡೀ ದುಡಿದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಆಪರೇಟರನ್ನು ಕೇಳಿಯೇ ಲೈನು ತೆಗೆದುಕೊಳ್ಳಬೇಕಾಗಿದ್ದ ಕಾಲದಲ್ಲಿ ಸೇರಿದವಳು, ಮೇಲ್ವಿಚಾರಕಿಯಾಗಿ ನಿವೃತ್ತಳಾದಳು. ಸಿಡುಕುವವರನ್ನು ತಣ್ಣಗಾಗಿಸುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನದೆ ಮಾತು ತೇಲಿಸುವುದು, ಎದುರಿನವರಿಂದಲೇ ಉತ್ತರ ಹೊರಡಿಸಿ ಅದನ್ನೇ ನಯವಾಗಿ ಹಿಂದಿರುಗಿಸುವುದು ಎಲ್ಲವೂ ಆ ಕುರ್ಚಿಯಲ್ಲಿ ಕೂತು ಕಲಿತದ್ದು. ಈಗ ಉಳಿದದ್ದೆಲ್ಲ ಒಂದೊಂದಾಗಿ ಉದುರುತ್ತಿದ್ದರೂ ಈ ವಿದ್ಯೆ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಇವತ್ತು ಯಾವ ವಾರ ಎಂದು ಡಾಕ್ಟರು ಕೇಳಿದರೆ, "ಕ್ಯಾಲೆಂಡರ್ ನಿಮ್ಮ ಬೆನ್ನ ಹಿಂದೇನೇ ಇದೆಯಲ್ಲ, ಈ ಮುದುಕೀನ ಯಾಕೆ ಕೇಳ್ತೀರಿ ಡಾಕ್ಟ್ರೇ?" ಎಂದಳು. ಡಾಕ್ಟರು ಮನಸಾರೆ ನಕ್ಕರು. ಅಂಕಿಗಳನ್ನು ಹಿಂದುಮುಂದಾಗಿ ಹೇಳಿ ಎಂದಾಗ ಪಟಪಟನೆ ಹೇಳಿ ಮುಗಿಸಿದಳು. ಅಂಕಿಗಳು ಅವಳ ನಾಲಿಗೆಗೆ ಅಂಟಿಕೊಂಡಿದ್ದವು. ನೆನಪಿಟ್ಟುಕೊಳ್ಳಿ ಎಂದು ಕೊಟ್ಟಿದ್ದ ಪದಗಳನ್ನು ಕೊನೆಯಲ್ಲಿ ಕೇಳಿದಾಗ, ಹೊರಗೆ ಎಷ್ಟೊಂದು ಜನ ಕಾಯುತ್ತಿದ್ದಾರೆ, ನಿಮ್ಮ ಸಮಯ ಹಾಳು ಮಾಡುವುದು ನನಗೆ ಸರಿ ಕಾಣುವುದಿಲ್ಲ ಎಂದು ಎದ್ದೇ ನಿಂತಳು. ಹೊರಗೆ ನಿಜವಾಗಿಯೂ ತುಂಬ ಜನ ಕಾಯುತ್ತಿದ್ದರು. ಡಾಕ್ಟರು ಮೊದಲ ಹಂತದ ಮರೆವು, ಗಾಬರಿಯಾಗುವಂಥದ್ದೇನೂ ಇಲ್ಲ ಎಂದರು. ರಾತ್ರಿ ಎದ್ದು ಓಡಾಡುತ್ತಾಳೆ ಎಂದದ್ದಕ್ಕೆ ನಿದ್ದೆಯ ಮಾತ್ರೆ ಬರೆದುಕೊಟ್ಟರು.

ಅದೇ ದಿನ ಬೆಳಿಗ್ಗೆ ಅಮ್ಮ ಒದ್ದೆ ಟವೆಲನ್ನು ಬ್ರೆಡ್ ಡಬ್ಬಿಯೊಳಗೆ ತುರುಕಿದ್ದಳು. ಉರಿಯುವ ಒಲೆಯ ಮೇಲೆ ಪಾತ್ರೆಯಿಲ್ಲದೆ ಹಾಲು ಸುರಿದಿದ್ದಳು. ಒಲೆ ಒರೆಸುತ್ತಿದ್ದ ಚೂಟಿಯ ಮುಖವನ್ನೇ ನೋಡುತ್ತ, "ಪಾಪ, ನೀನು ಯಾರ ಮನೆ ಮಗಳಮ್ಮ? ನಿಮ್ಮಮ್ಮ ಹುಡುಕ್ತಿರ್ತಾಳೆ, ಹೋಗು" ಎಂದಿದ್ದಳು. ಇದನ್ನೆಲ್ಲ ಹೇಳಲು ಚೂಟಿ ಬಾಯಿ ತೆರೆದಾಗಲೆಲ್ಲ ಡಾಕ್ಟರು, "ನೀವಿರಿ, ಅವರೇ ಹೇಳಲಿ" ಎಂದು ಕೈ ಎತ್ತಿದ್ದರು.

ಲೈಸೆನ್ಸಿಗೆ ಕಣ್ಣಿನ ಪರೀಕ್ಷೆ ಬೇಕೆಂದು ಅಂಗಡಿಗೆ ಬರುವ ಡ್ರೈವರುಗಳು ನೆನಪಾದರು. ಸಾಲಿನಲ್ಲಿ ನಿಂತಿರುವಾಗಲೇ ಗೋಡೆಯ ಫಲಕದ ಕೆಳಸಾಲಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು, ಕುರ್ಚಿಯಲ್ಲಿ ಕೂತು ಗಿಣಿಯ ಹಾಗೆ ಒಪ್ಪಿಸುತ್ತಿದ್ದರು. ಚೂಟಿ ಅದಕ್ಕೇ ಫಲಕವನ್ನು ಆಗಾಗ ಬದಲಾಯಿಸುತ್ತಿದ್ದಳು. ಇಲ್ಲಿ ಡಾಕ್ಟರ ಪ್ರಶ್ನೆಗಳನ್ನು ಯಾರು ಬದಲಾಯಿಸುತ್ತಾರೆ?

ಭಾನುವಾರ ಅಣ್ಣನ ಫೋನು ಬಂತು. ಫೋನು ಕೈಗೆ ಬಂದೊಡನೆ ಅಮ್ಮನ ಬೆನ್ನು ನೆಟ್ಟಗಾಯಿತು, ದನಿಗೆ ಹಳೆಯ ಹೊಳಪು ಬಂತು. ಹೇಗಿದ್ದೀಯಪ್ಪ, ಮಳೆ ಬಂತಾ, ಊಟ ಸರಿಯಾಗಿ ಮಾಡು, ಬಿಸಿಲಲ್ಲಿ ಸೇತುವೆ ಮೇಲೆ ತುಂಬ ಹೊತ್ತು ನಿಲ್ಲಬೇಡ. ಒಂದು ಮಾತೂ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ, ಪ್ರತಿ ಭಾನುವಾರ ಇದೇ ಮಾತುಗಳು. ಕೊನೆಗೆ ದನಿ ತಗ್ಗಿಸಿ, ಇಲ್ಲೊಬ್ಬಳು ನನ್ನನ್ನು ಕೂಡಿಹಾಕುತ್ತಾಳೆ, ಬೀಗದ ಕೈ ಕೊಡುವುದಿಲ್ಲ ಎಂದು ದೂರು ಹೇಳಿದಳು.

ಫೋನು ಚೂಟಿಯ ಕೈಗೆ ಬಂದಾಗ ಅಣ್ಣ ಸಮಾಧಾನದ ದನಿಯಲ್ಲೇ ಶುರು ಮಾಡಿದ. ಅಮ್ಮ ಚೆನ್ನಾಗಿದ್ದಾಳೆ, ಡಾಕ್ಟರೇ ಮೊದಲ ಹಂತ ಎಂದಿದ್ದಾರೆ, ನೀನು ಸುಮ್ಮನೆ ದೊಡ್ಡದು ಮಾಡುತ್ತೀಯ, ಮೊದಲು ಅವಳಿಗೆ ಬೀಗದ ಕೈ ಕೊಡು. ಚೂಟಿಗೆ ಪಿತ್ತ ನೆತ್ತಿಗೇರಿತು.

"ಅಣ್ಣ, ಒಂದು ಮಾತು ಕೇಳ್ತೀನಿ. ಯಾವುದೋ ಸೇತುವೆ ಬಿರುಕು ಬಿಟ್ಟಿದೆ ಅಂತ ನಿಂಗೆ ಸುದ್ದಿ ಬಂದ್ರೆ, ಅದಕ್ಕೆ ಫೋನ್ ಮಾಡಿ ಹೇಗಿದ್ದೀಯಪ್ಪ ಅಂತ ವಿಚಾರಿಸ್ತೀಯಾ?"

ಅಣ್ಣ, ನಿನಗೆ ಸಿಟ್ಟು ವಿಪರೀತವಾಗಿದೆ, ಅಮ್ಮನಿಗಿಂತ ಮೊದಲು ನೀನೇ ಯಾವುದಾದರೂ ಡಾಕ್ಟರ ಹತ್ತಿರ ಹೋಗು ಎಂದು ಫೋನಿಟ್ಟ.

ನಿದ್ದೆಯ ಮಾತ್ರೆಯಿಂದ ಅಮ್ಮ ರಾತ್ರಿ ಮಲಗಿದಳು, ನಿಜ. ಆದರೆ ಹಗಲೂ ಅರ್ಧ ಮಲಗಿಯೇ ಇರುತ್ತಿದ್ದಳು. ನಡೆದರೆ ಕಾಲು ತೊಡರುತ್ತಿತ್ತು, ಮಾತು ತೊದಲುತ್ತಿತ್ತು, ಮೊದಲು ಗೊತ್ತಿದ್ದ ಬಚ್ಚಲಿನ ದಾರಿಯೂ ಗೊತ್ತಾಗದಾಯಿತು. ಚೂಟಿ ಬೆಳಿಗ್ಗೆ ಅವಳನ್ನು ಎಬ್ಬಿಸಿ, ತೊಳೆದು, ಬಟ್ಟೆ ತೊಡಿಸಿ, ತಿನ್ನಿಸಿ, ಕುರ್ಚಿಯಲ್ಲಿ ಕೂರಿಸಿ ಕೆಳಗೆ ಓಡಿಹೋಗಿ ಅಂಗಡಿಯ ಬಾಗಿಲು ತೆರೆಯುತ್ತಿದ್ದಳು. ಯಾರದೋ ಕಣ್ಣಿಗೆ ಗಾಜು ಹೊಂದಿಸುತ್ತಿರುವಾಗ ಮೇಲೆ ಏನಾದರೂ ಬಿದ್ದ ಸದ್ದಾದರೆ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದಳು. ಗಿರಾಕಿಗಳು ಗೊಣಗಿ ಎದ್ದು ಹೋಗುತ್ತಿದ್ದರು. ಹಾಗೊಂದು ದಿನ ಹತ್ತಿ ಹೋದಾಗ ಅಮ್ಮ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಮೂಳೆ ಮುರಿದಿರಲಿಲ್ಲ, ಕೆನ್ನೆ ಊದಿಕೊಂಡು ನೀಲಿಗಟ್ಟಿತ್ತು.

ಮಾರನೆಯ ದಿನ ಚಿಕ್ಕಮ್ಮ ಬಂದಳು. ಅಮ್ಮನ ಕೆನ್ನೆ ಸವರಿ, ಚೂಟಿಯ ಮುಖವನ್ನು ಒಂದು ಥರಾ ನೋಡಿ ಹೋದಳು. ಸಂಜೆಯೊಳಗೆ ಅಣ್ಣನ ಫೋನು. ಅವನು ಸುತ್ತಿ ಬಳಸಿ ಮಾತಾಡಿ, ಕೊನೆಗೆ ಕೇಳಿದ.

"ಚೂಟಿ, ನಿಜ ಹೇಳು. ಅಮ್ಮನ ಮೇಲೆ ಕೈ ಮಾಡಿದ್ಯಾ?"

ಚೂಟಿಗೆ ಮೈ ತಣ್ಣಗಾಯಿತು. ಕೂಗಾಡುವ ಸಿಟ್ಟು ಅವಳಿಗೆ ಗೊತ್ತಿತ್ತು, ಪಾತ್ರೆ ಕುಕ್ಕುವ ಸಿಟ್ಟೂ ಗೊತ್ತಿತ್ತು. ಇದು ಬೇರೆ. ಮಾತು ಮೆಲ್ಲಗೆ ಬಂತು.

"ನೀನೀಗ ಹೊರಟು ಬಾ. ರಜೆ ಇಲ್ಲ, ಟಿಕೆಟ್ ಇಲ್ಲ ಅನ್ನೋದೆಲ್ಲ ನಂಗೆ ಬೇಡ. ಬರ್ಲಿಲ್ಲ ಅಂದ್ರೆ ಇನ್ಮೇಲೆ ಈ ಮನೆಗೆ ಫೋನ್ ಮಾಡ್ಬೇಡ. ನಾನು ಎತ್ತೋದಿಲ್ಲ, ಅವಳಿಗೂ ಕೊಡೋದಿಲ್ಲ."

ಅಣ್ಣ ಬಂದ. ಕೈಯಲ್ಲಿ ಸಣ್ಣ ಬ್ಯಾಗು, ಮುಖದಲ್ಲಿ ಪ್ರಯಾಣದ ಧೂಳು, ಬಾಯಲ್ಲಿ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದ ಬುದ್ಧಿಮಾತು. ಅವನು ಬಂದು ಹೋಗಿ ಎಷ್ಟು ಕಾಲವಾಗಿತ್ತೆಂದರೆ, ಹೊಟ್ಟೆ ಬಂದಿದ್ದೂ ತಲೆ ಬೋಳಾಗಿದ್ದೂ ಚೂಟಿಗೇ ಹೊಸದಾಗಿ ಕಂಡಿತು. ಅಮ್ಮ ಕಿಟಕಿಯ ಬಳಿ ಕೂತಿದ್ದಳು. ಅವನು ಹೋಗಿ ಕಾಲು ಮುಟ್ಟಿ, ಪಕ್ಕದಲ್ಲಿ ಕೂತು, "ಅಮ್ಮಾ, ನಾನು ಬಂದೆ" ಎಂದ.

ಅಮ್ಮ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಲೈನು ಸರಿಯಾಯಿತೇ ಎಂದು ಕೇಳಿದಳು. ಬೆಳಿಗ್ಗೆಯಿಂದ ಸದ್ದು ಬರುತ್ತಿದೆ, ಕಂಬ ಹತ್ತಿ ನೋಡಬೇಕು ಎಂದು ತಿಳಿಸಿ ಹೇಳಿದಳು. ಅಣ್ಣ ನಕ್ಕ, ತಮಾಷೆ ಎಂದುಕೊಂಡ. ಅಮ್ಮ ನಗಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಚೂಟಿಯ ಕಿವಿಯಲ್ಲಿ, "ಲೈನ್‌ಮನ್ ಬಂದಿದ್ದಾನೆ. ಕುಡಿಯೋಕೆ ಏನಾದ್ರೂ ಕೊಟ್ಟು ಬೇಗ ಕಳಿಸು, ಮಗ ಫೋನ್ ಮಾಡೋ ಹೊತ್ತು" ಎಂದಳು.

ಅಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಎದುರು ಬಂದು ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಚಿಕ್ಕಂದಿನಲ್ಲಿ ಹಣೆಗೆ ಹೊಲಿಗೆ ಬಿದ್ದ ಗುರುತು ತೋರಿಸಿದ. ಅಮ್ಮ ಪರಕೀಯನಿಗೆ ತೋರುವ ಮರ್ಯಾದೆಯಿಂದ ತಲೆಯಾಡಿಸಿದಳು. ಅವನಿಗೆ ಏನು ತೋಚಿತೋ, ಮೆಟ್ಟಿಲಿಳಿದು ಬೀದಿಗೆ ಹೋಗಿ ಅಲ್ಲಿಂದ ಮನೆಗೆ ಫೋನು ಮಾಡಿದ. ಅಮ್ಮ ಎತ್ತಿದಳು. ಬೆನ್ನು ನೆಟ್ಟಗಾಯಿತು. ಹೇಗಿದ್ದೀಯಪ್ಪ, ಮಳೆ ಬಂತಾ, ಊಟ ಸರಿಯಾಗಿ ಮಾಡು. ಇಲ್ಲಿ ಯಾರೋ ಒಬ್ಬ ಬಂದಿದ್ದಾನೆ, ಒಳ್ಳೆಯವನ ಹಾಗೆ ಕಾಣುತ್ತಾನೆ, ನೀನೇನೂ ಯೋಚನೆ ಮಾಡಬೇಡ.

ಚೂಟಿ ಕಿಟಕಿಯಿಂದ ನೋಡುತ್ತಿದ್ದಳು. ಅಣ್ಣ ದೀಪದ ಕಂಬಕ್ಕೆ ಒರಗಿ, ಫೋನನ್ನು ಕಿವಿಗೆ ಒತ್ತಿಕೊಂಡು ಅಳುತ್ತಿದ್ದ. ಅವಳಿಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಚೆನ್ನಾಗಾಯಿತು, ಅನುಭವಿಸಲಿ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ದೊಡ್ಡಾಸ್ಪತ್ರೆಯಲ್ಲಿ ಮರೆವಿನ ಕಾಯಿಲೆಗೆಂದೇ ಒಂದು ವಿಭಾಗವಿತ್ತು. ಅಲ್ಲಿಗೆ ಹೋಗೋಣವೆಂದು ಚೂಟಿ ಹೇಳಿದಾಗ ಅಣ್ಣ ಎರಡು ಮಾತಾಡಲಿಲ್ಲ. ಅಲ್ಲಿನ ಡಾಕ್ಟರು ದಪ್ಪ ಕನ್ನಡಕದ, ಮೆಲುದನಿಯ ಹೆಂಗಸು. ಅಮ್ಮನನ್ನು ಇನ್ನೊಬ್ಬರ ಜೊತೆ ಆಚೆ ಕೋಣೆಯಲ್ಲಿ ಕೂರಿಸಿ, ಅಣ್ಣತಂಗಿಯರನ್ನು ತಮ್ಮೆದುರು ಕೂರಿಸಿಕೊಂಡರು. ರೋಗಿ ನಮ್ಮೆದುರು ಹೇಗಿರುತ್ತಾರೆ ಎನ್ನುವುದು ಅರ್ಧ ಮಾತ್ರ, ಮನೆಯಲ್ಲಿ ಹೇಗಿರುತ್ತಾರೆ ಎನ್ನುವುದು ಉಳಿದರ್ಧ, ಅದನ್ನು ನೀವೇ ಹೇಳಬೇಕು ಎಂದರು.

ಪ್ರಶ್ನೆಗಳು ಬಹಳ ಸಾದಾ ಇದ್ದವು. ಅಮ್ಮ ಸ್ನಾನಕ್ಕೆ ತಾವೇ ಹೋಗುತ್ತಾರಾ, ಕರೆಯಬೇಕಾ? ಬಟ್ಟೆ ಯಾವುದರ ಮೇಲೆ ಯಾವುದು ಎಂದು ಗೊತ್ತಾಗುತ್ತದಾ? ಬಚ್ಚಲಿಗೆ ಹೋಗಬೇಕೆಂದು ಮೊದಲೇ ಹೇಳುತ್ತಾರಾ? ಮನೆಯಲ್ಲಿ ಒಬ್ಬರೇ ಇದ್ದರೆ ಏನು ಮಾಡುತ್ತಾರೆ? ಡಾಕ್ಟರು ಪ್ರತಿ ಪ್ರಶ್ನೆಯನ್ನೂ ಮೊದಲು ಅಣ್ಣನಿಗೆ ಕೇಳಿದರು. ಅಣ್ಣ ಮೊದಮೊದಲು, "ಮಾಡ್ಕೊಳ್ತಾರೆ ಅನ್ಸುತ್ತೆ" ಎಂದ. ಆಮೇಲೆ, "ಗೊತ್ತಿಲ್ಲ" ಎಂದ. ಆಮೇಲೆ ಬರೀ ತಲೆಯಾಡಿಸಿದ.

ಚೂಟಿಯ ಸರದಿ ಬಂದಾಗ ಕಟ್ಟೆ ಒಡೆಯಿತು. ಟವೆಲು, ಹಾಲು, ಒಲೆ, ಬಿದ್ದದ್ದು, ಚಿಕ್ಕಮ್ಮನ ನೋಟ, ಎಲ್ಲ ಒಂದೇ ಉಸಿರಿಗೆ ಬಂತು. ಸ್ನಾನ ನಾನೇ ಮಾಡಿಸಬೇಕು, ಬಟ್ಟೆ ನಾನೇ ತೊಡಿಸಬೇಕು, ತುತ್ತು ನಾನೇ ಇಡಬೇಕು, ಅವರಿಗೆ ಏನೆಂದರೆ ಏನೂ ಬರುವುದಿಲ್ಲ, ಇದು ಕೊನೆಯ ಹಂತ, ಬರೆದುಕೊಳ್ಳಿ ಎಂದಳು. ಹೇಳುತ್ತಾ ಹೇಳುತ್ತಾ ಅಣ್ಣನ ಕಡೆ ನೋಡುತ್ತಿದ್ದಳು. ಅಮ್ಮ ಎಷ್ಟು ಕೆಟ್ಟಿದ್ದರೆ ತನ್ನ ಮಾತು ಅಷ್ಟು ಗೆದ್ದ ಹಾಗೆ. ಅದು ಅರಿವಾದಾಗ ನಾಲಿಗೆ ಒಂದು ಕ್ಷಣ ತಡವರಿಸಿತು, ಆದರೂ ನಿಲ್ಲಲಿಲ್ಲ.

ಡಾಕ್ಟರು ಎಲ್ಲವನ್ನೂ ಕೇಳಿ, ಅವರನ್ನು ಆಚೆ ಕೋಣೆಯ ಬಾಗಿಲ ಬಳಿ ನಿಲ್ಲಿಸಿ ತಾವು ಒಳಗೆ ಹೋದರು. ಅಮ್ಮನ ತೊಡೆಯ ಮೇಲೆ ಮುಂದೆ ಗುಂಡಿಯಿರುವ ಸ್ವೆಟರೊಂದನ್ನು ಇಟ್ಟು, ಚಳಿಯಾಗುತ್ತಿದೆಯಲ್ಲ, ಹಾಕಿಕೊಳ್ಳಿ ಎಂದರು. ಅಷ್ಟು ಹೇಳಿ ಕೈ ಕಟ್ಟಿ ಕೂತುಬಿಟ್ಟರು.

ಅಮ್ಮ ಸ್ವೆಟರನ್ನು ತಿರುಗಿಸಿ ನೋಡಿದಳು. ತೋಳಿನೊಳಗೆ ಕೈ ಹಾಕಿದಳು, ತಪ್ಪಿತು, ತೆಗೆದಳು. ಚೂಟಿಯ ಕಾಲು ತಾನಾಗಿ ಮುಂದೆ ಹೋಯಿತು. ಡಾಕ್ಟರು ಅವಳತ್ತ ನೋಡದೆಯೇ ಬೇಡವೆಂದು ಕೈ ಅಲ್ಲಾಡಿಸಿದರು. ಅಮ್ಮ ಮತ್ತೆ ಕೈ ಹಾಕಿದಳು. ಒಂದು ತೋಳು, ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ತೋಳು. ಮೇಲಿನ ಗುಂಡಿ ಹಿಡಿದುಕೊಂಡು ಅದಕ್ಕೆ ಕಾಜಾ ಎಲ್ಲಿದೆ ಎಂದು ಬೆರಳಿನಿಂದಲೇ ಹುಡುಕಿದಳು. ಹೊರಗೆ ಗಾಲಿಕುರ್ಚಿಯೊಂದು ಹೋಯಿತು, ಯಾರನ್ನೋ ಕೂಗಿದರು, ಯಾರೋ ಬಂದರು. ಗುಂಡಿ ಕಾಜಾದೊಳಗೆ ಹೋಯಿತು. ಆಮೇಲೆ ಅದರ ಕೆಳಗಿನದು. ಒಂದು ತಪ್ಪಿ ಮೇಲೆ ಕೆಳಗಾಯಿತು, ಅದನ್ನು ಬಿಚ್ಚಿ ಸರಿಮಾಡಿದಳು. ಕೊನೆಗೆ ಮುಂಭಾಗವನ್ನು ಅಂಗೈಯಿಂದ ಒತ್ತಿ ನೀವಿಕೊಂಡಳು, ಹಿಂದೆ ಕೆಲಸಕ್ಕೆ ಹೊರಡುವಾಗ ನೀವಿಕೊಳ್ಳುತ್ತಿದ್ದ ಹಾಗೆಯೇ.

"ಮನೇಲಿ ನೀವೇ ಹಾಕ್ಕೊಳ್ತೀರಾ?" ಎಂದು ಡಾಕ್ಟರು ಕೇಳಿದರು.

ಅಮ್ಮನ ಮುಖ ಕೆಂಪಾಯಿತು. ಫೋನಿನ ಸವಿದನಿ ಅಲ್ಲ, ಅವಳದೇ ದನಿ ಬಂತು. "ಅವಳು ಬಿಟ್ರೆ ತಾನೆ? ಎಲ್ಲಾ ಕೈಯಿಂದ ಕಿತ್ಕೊಳ್ತಾಳೆ. ಕೈ ಎತ್ತು ಅಂತಾಳೆ, ಎತ್ತೋದ್ರೊಳಗೆ ಅವಳೇ ಎಳೀತಾಳೆ. ನಾನೇನು ಗೊಂಬೆನಾ? ಬಾಯಿಗೆ ತುರುಕ್ತಾಳೆ. ನಂಗೆ ಕೈ ಇಲ್ವಾ?"

ಡಾಕ್ಟರು ಹೊರಗೆ ಬಂದು ನಡುವಿನ ಹಂತ ಎಂದರು. ಮೊದಲನೆಯದು ಖಂಡಿತ ಅಲ್ಲ, ಕೊನೆಯದೂ ಅಲ್ಲ. ಒಬ್ಬರನ್ನೇ ಮನೆಯಲ್ಲಿ ಬಿಡಬಾರದು, ಗ್ಯಾಸು ಕೈಗೆ ಸಿಗಬಾರದು, ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಕ್ಕೆ ಸೇರಿಸಬಹುದು. ನಿದ್ದೆಯ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸೋಣ, ಈಗಿನ ತೊದಲು, ಬೀಳುವುದು, ಮಂಕು ಅದರಿಂದಲೇ ಹೆಚ್ಚಿದ್ದಿರಬಹುದು. ಮರೆವಿಗೆ ಒಂದು ಮಾತ್ರೆ ಕೊಡುತ್ತೇನೆ, ಪವಾಡ ನಿರೀಕ್ಷಿಸಬೇಡಿ. ಕೆಲವು ತಿಂಗಳ ಮೇಲೆ ಮತ್ತೆ ನೋಡೋಣ. "ಹಂತ ಅಂದ್ರೆ ಪಾಸು ಫೇಲು ಅಲ್ಲ" ಎಂದರು. "ಯಾವುದಕ್ಕೆ ನೀವು ಕೈ ಹಚ್ಚಬೇಕು, ಯಾವುದನ್ನ ಅವರಿಗೇ ಬಿಡಬೇಕು ಅಂತ ಗೊತ್ತಾಗೋಕೆ ಇರೋದು. ನೀವು ಎಲ್ಲಾ ಮಾಡಿಕೊಟ್ರೆ, ಇರೋದೂ ಬೇಗ ಹೋಗುತ್ತೆ."

ಚೂಟಿಗೆ ತಡೆಯಲಾಗಲಿಲ್ಲ. "ಅಂದ್ರೆ ತಪ್ಪೆಲ್ಲ ನಂದೇ ಆಯ್ತಲ್ಲ. ಇವನು ಫೋನಲ್ಲಿ ಅಮ್ಮನ್ನ ಸಾಕಿದ, ನಾನು ಮನೇಲಿ ಹಾಳು ಮಾಡಿದೆ. ಅಡುಗೆಗೆ ಒಬ್ಬಳೇ, ಅಂಗಡಿಗೆ ಒಬ್ಬಳೇ, ಅವಳ ಬಟ್ಟೆ ಒಗೆಯೋಕೆ ಒಬ್ಬಳೇ. ಒಂದೊಂದು ಗುಂಡಿಗೆ ಇಷ್ಟು ಹೊತ್ತು ಕಾಯ್ತಾ ಕೂತ್ರೆ ನನ್ನ ಹೊಟ್ಟೆ ತುಂಬಿಸೋರು ಯಾರು ಡಾಕ್ಟ್ರೇ? ಅಷ್ಟು ಹೊತ್ತು ನನ್ನ ಹತ್ರ ಎಲ್ಲಿದೆ?"

"ಇಲ್ಲ, ನಂಗೊತ್ತು" ಎಂದರು ಡಾಕ್ಟರು. ಆಮೇಲೆ ಅಣ್ಣನ ಕಡೆ ತಿರುಗಿದರು. "ಇವರ ಹತ್ರ ಇಲ್ಲ. ನಿಮ್ಮ ಹತ್ರ ಇದೆಯಾ?"

ಆಸ್ಪತ್ರೆಯ ಅಂಗಳದಲ್ಲಿ ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಇಬ್ಬರೂ ಜಗಳವಾಡಿದರು. ಅಮ್ಮನನ್ನು ನನ್ನ ಜೊತೆ ಕರೆದುಕೊಂಡು ಹೋಗುತ್ತೇನೆ ಎಂದ ಅಣ್ಣ. ಗೊತ್ತಿರುವ ಬಚ್ಚಲಿನ ದಾರಿಯೇ ತಪ್ಪುವವಳನ್ನು ಗೊತ್ತಿಲ್ಲದ ಮನೆಗೆ ಒಯ್ದು ಹಾಕುತ್ತೀಯಾ ಎಂದಳು ಚೂಟಿ. ಹಾಗಾದರೆ ಒಬ್ಬರನ್ನು ಕೆಲಸಕ್ಕಿಟ್ಟುಕೋ, ನಾನು ಕಳಿಸುತ್ತೇನೆ ಎಂದ. ಕೆಲಸದವರು ಬೇರೆ, ನೀನು ಬೇರೆ. ನೀನು ಬರಬೇಕು ಎಂದಳು. ಅವನು ತನ್ನ ಕಷ್ಟಗಳನ್ನು ಬಿಚ್ಚಿದ. ಅವಳು ಕೇಳಿಸಿಕೊಳ್ಳಲೇ ಇಲ್ಲ. "ಕೈ ಮಾಡಿದ್ಯಾ ಅಂತ ಕೇಳಿದ್ಯಲ್ಲ ನನ್ನ. ಬಂದು ಇದ್ದು ನೋಡು. ಆಮೇಲೆ ಕೇಳು, ಉತ್ತರ ಕೊಡ್ತೀನಿ." ಅಣ್ಣ ಕ್ಷಮಿಸು ಎಂದ. ಕ್ಷಮಿಸುವುದಿಲ್ಲ ಎಂದಳು. ಹೇಳಿದ್ದು ನಿಜವೂ ಆಗಿತ್ತು.

ಅಣ್ಣ ಆಫೀಸಿನಲ್ಲಿ ಯಾರ ಕೈಕಾಲು ಹಿಡಿದನೋ, ಈ ಭಾಗದ ಸೇತುವೆಗಳ ಪರಿಶೀಲನೆಯನ್ನು ಕೇಳಿ ಪಡೆದುಕೊಂಡ. ತಿಂಗಳಲ್ಲಿ ಒಂದಷ್ಟು ದಿನ ಇಲ್ಲೇ ಇರುತ್ತಿದ್ದ. ಅಮ್ಮ ದಿನವೂ ಬೆಳಿಗ್ಗೆ ಕೇಂದ್ರದ ವ್ಯಾನು ಹತ್ತುತ್ತಿದ್ದಳು. ನಿದ್ದೆಯ ಮಾತ್ರೆ ಇಳಿಯುತ್ತ ಬಂದ ಹಾಗೆ ತೊದಲು ಕಡಿಮೆಯಾಯಿತು, ಕಣ್ಣಲ್ಲಿ ಬೆಳಕು ಬಂತು. ಅದರ ಜೊತೆಗೆ ಹಟವೂ ಬಂತು, ಬೈಗುಳವೂ ಬಂತು. ಮೊದಲ ಡಾಕ್ಟರ ಮೇಲೆ ಜಗಳ ಮಾಡಿ ಬರುತ್ತೇನೆಂದು ಚೂಟಿ ಒಮ್ಮೆ ಹೊರಟೂ ಹೊರಟಳು. ಅಲ್ಲಿನ ಸಾಲು ಬೀದಿಯವರೆಗೆ ಬಂದದ್ದು ನೋಡಿ ವಾಪಸು ಬಂದಳು.

ಅಮ್ಮನನ್ನು ಅಣ್ಣನಿಗೆ ಒಪ್ಪಿಸಿದ ಮೊದಲ ಬೆಳಿಗ್ಗೆ ಚೂಟಿ ಕೆಳಗೆ ಅಂಗಡಿಯ ಬೀಗ ತೆಗೆಯುತ್ತಿದ್ದಳು. ಮೇಲಿನಿಂದ ಅಣ್ಣನ ದನಿ ಕೇಳಿಸಿತು. "ಬೇಗ ಅಮ್ಮಾ, ವ್ಯಾನ್ ಬರುತ್ತೆ. ಕೈ ಎತ್ತು. ಎತ್ತು ಅಂದ್ನಲ್ಲ." ಅದರ ಹಿಂದೆಯೇ ಅಮ್ಮನ ಬೈಗುಳ, ಕುರ್ಚಿ ಎಳೆದ ಸದ್ದು. ಚೂಟಿ ಬೀಗವನ್ನು ಬಾಗಿಲಲ್ಲೇ ನೇತಾಡಲು ಬಿಟ್ಟು ದಡದಡ ಮೆಟ್ಟಿಲು ಹತ್ತಿದಳು. ಅಣ್ಣ ಬೆವತು ನೀರಾಗಿ ಅಮ್ಮನ ಅಂಗಿಯ ತೋಳನ್ನು ಎಳೆಯುತ್ತಿದ್ದ. ಅಮ್ಮ ಅವನ ಮಣಿಕಟ್ಟನ್ನು ಪರಚಿದ್ದಳು. ಚೂಟಿ ಅವನ ಕೈ ಬಿಡಿಸಿ, ರಟ್ಟೆ ಹಿಡಿದು ಹೊಸ್ತಿಲ ಮೇಲೆ ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತಳು.

"ವ್ಯಾನು?" ಎಂದ ಅಣ್ಣ.

"ಕಾಯ್ಲಿ."

ಕೆಳಗೆ ವ್ಯಾನು ಬಂದು ಹಾರನ್ ಬಾರಿಸಿತು. ಅಮ್ಮ ಇಬ್ಬರನ್ನೂ ದುರುಗುಟ್ಟಿ ನೋಡಿ, ಅಂಗಿಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ತೊಡತೊಡಗಿದಳು. ಚೂಟಿ ತನ್ನೆರಡು ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದಳು. ಸಿಟ್ಟು ಇದ್ದೇ ಇತ್ತು. ಅಣ್ಣನ ಮೇಲೆ, ಹಾರನ್ ಬಾರಿಸುವವನ ಮೇಲೆ, ಆ ಗುಂಡಿಗಳ ಮೇಲೆ. ಅವಳು ಅದನ್ನು ತಡೆಯಲು ಹೋಗಲಿಲ್ಲ. ಎದ್ದೂ ಹೋಗಲಿಲ್ಲ.

ಅಮ್ಮನನ್ನು ವ್ಯಾನಿಗೆ ಹತ್ತಿಸಿ ಬರುವಷ್ಟರಲ್ಲಿ ಅಂಗಡಿಯೆದುರು ಗಿರಾಕಿಯೊಬ್ಬ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಇಷ್ಟು ತಡವಾದರೆ ಹೇಗಮ್ಮ, ಅಂಗಡಿ ಇರುವುದು ಯಾತಕ್ಕೆ ಎಂದ.

"ಮನೇಲಿ ಅಮ್ಮ ಬಟ್ಟೆ ಹಾಕ್ಕೊಳ್ತಿದ್ರು" ಎಂದಳು ಚೂಟಿ. ಅವನ ಉತ್ತರಕ್ಕೆ ಕಾಯದೆ ಅಂಗಡಿಯ ಶಟರ್ ಬಾಗಿಲನ್ನು ಜೋರಾಗಿ ಮೇಲಕ್ಕೆತ್ತಿದಳು.